ಕಂದು ಪೆಟ್ಟಿಗೆಯ ಅರೆಬರೆ ನಿಯಮಗಳು

ಹಳೆಯ ಆಟಗಳನ್ನು ಕೂಡಿಡುವವರು 1974ರ ಒಂದು ರಟ್ಟಿನ ಪೆಟ್ಟಿಗೆಗಾಗಿ ಆಸ್ತಿ ಮಾರಲೂ ಸಿದ್ಧ. ಮರದ ಹಲಗೆಯಂತೆ ಕಾಣುವ ಕಂದು ಕಾಗದದ ಹೊದಿಕೆ, ಒಳಗೆ ಮೂರು ತೆಳು ಪುಸ್ತಿಕೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೊದಲು ಅಂಗಡಿಗೆ ಬಂದದ್ದು ಹೀಗೆ, 10 ಡಾಲರ್ ಬೆಲೆಗೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡಾನ್ ಕೇ ಹಿಂದಿನ ವರ್ಷವಷ್ಟೇ ಶುರುಮಾಡಿದ್ದ ಟಿಎಸ್‌ಆರ್ ಕಂಪನಿ 1,000 ಪ್ರತಿ ಅಚ್ಚುಹಾಕಿಸಿ, ಮನೆಯಲ್ಲೇ ಕೂತು ಪೆಟ್ಟಿಗೆ ತುಂಬಿಸಿತು.

ಪೆಟ್ಟಿಗೆಯೇನೋ ಚೆಂದ, ಒಳಗಿನದು ಅಧ್ವಾನ. ದಾಳಗಳಿಲ್ಲ. ಕಾದಾಟಕ್ಕೆ 1971ರ ‘ಚೈನ್‌ಮೇಲ್’ ನಿಯಮಪುಸ್ತಕ ನೋಡಬೇಕು. ಕಾಡು ಸುತ್ತಲು ಬೇರೆ ಕಂಪನಿಯ ‘ಔಟ್‌ಡೋರ್ ಸರ್ವೈವಲ್’ ಆಟದ ಹಾಸು ತರಬೇಕು. ಒಬ್ಬ ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗುವುದು: ಸಹಕರ್ತೃ ಡೇವ್ ಆರ್ನೆಸನ್ ಗೆಳೆಯರ ನಡುವೆ ಆಡಿಸಿ ಪಳಗಿಸಿದ್ದ ಈ ವಿದ್ಯೆ ಪುಸ್ತಿಕೆಯಿಂದಷ್ಟೇ ಹೊಸಬರ ತಲೆಗೆ ಹತ್ತುವುದು ಕಷ್ಟವಿತ್ತು. ನನ್ನನ್ನು ಕೇಳಿದರೆ, ಆಟ ಗೆದ್ದದ್ದೇ ಈ ಅರೆಬರೆತನದಿಂದ. ನಿಯಮ ಕೈಕೊಟ್ಟ ಕಡೆ ಆಡುವವರು ತಾವೇ ನಿಯಮ ಬರೆದುಕೊಂಡರು. ಆಟ ಅವರದಾಯಿತು.

ಮೊದಮೊದಲ ಮುದ್ರಣಗಳನ್ನು ಗುರುತಿಸುವುದೂ ಒಂದು ಮಜಾ. ಅವುಗಳಲ್ಲಿ ಹಾಬಿಟ್‌ಗಳಿದ್ದಾರೆ, ಟೋಲ್ಕಿನ್ ಕೃತಿಗಳ ಹಕ್ಕುದಾರರು ತಕರಾರು ತೆಗೆದ ಮೇಲೆ ಅವರೇ ಹಾಫ್‌ಲಿಂಗ್‌ಗಳಾದರು. ನನಗೆ ಇನ್ನೂ ಇಷ್ಟ 1979ರ ಬೇಸಿಕ್ ಸೆಟ್. ಆಟಕ್ಕೆ ಬೇಡಿಕೆ ಏರಿ ದಾಳಗಳೇ ಸಿಗದೆ, ಕಂಪನಿ ಪೆಟ್ಟಿಗೆಯಲ್ಲಿ ಅಂಕಿ ಮುದ್ರಿಸಿದ ರಟ್ಟಿನ ಚೂರುಗಳನ್ನಿಟ್ಟಿತು. ಕತ್ತರಿಸಿ, ಲೋಟಕ್ಕೆ ಹಾಕಿ, ಕಣ್ಣುಮುಚ್ಚಿ ಒಂದನ್ನೆತ್ತಬೇಕು. ಚೀಟಿ ಎತ್ತುತ್ತಾ ಡ್ರ್ಯಾಗನ್ ಕೊಲ್ಲುವುದು!

ಅಷ್ಟರಲ್ಲಿ ಗೈಗ್ಯಾಕ್ಸ್ ಸಂದುಗಳನ್ನೆಲ್ಲ ಮುಚ್ಚಲು ಹೊರಟಿದ್ದರು. 1977ರಿಂದ 1979ರವರೆಗೆ ‘ಅಡ್ವಾನ್ಸ್ಡ್’ ಹೆಸರಿನ ಮೂರು ದಪ್ಪ ರಟ್ಟಿನ ಪುಸ್ತಕಗಳು ಬಂದವು. ಎಲ್ಲಕ್ಕೂ ಕೋಷ್ಟಕ, ಎಲ್ಲಕ್ಕೂ ಷರತ್ತು. ರಾಯಧನಕ್ಕಾಗಿ ಆರ್ನೆಸನ್ ಕೋರ್ಟಿಗೂ ಹೋದರು. 1985ರಲ್ಲಿ ಗೈಗ್ಯಾಕ್ಸರ ಕೈಯಿಂದಲೇ ಕಂಪನಿ ಜಾರಿತು. 1997ರಲ್ಲಿ ಸಾಲದಲ್ಲಿ ಮುಳುಗಿದ್ದ ಅದನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು.

ಹೊಸ ಯಜಮಾನರು 2000ದಲ್ಲಿ ಮೂರನೆಯ ಆವೃತ್ತಿಯ ಜೊತೆಗೇ ಮುಕ್ತ ಪರವಾನಗಿ ಹೊರಡಿಸಿ, ಮೂಲ ನಿಯಮ ಬಳಸಿ ಯಾರು ಬೇಕಾದರೂ ಪುಸ್ತಕ ತರಬಹುದೆಂದರು. ಆಟಗಾರರು ಮೊದಲಿನಿಂದ ಮಾಡುತ್ತಿದ್ದುದಕ್ಕೆ ಕಾಗದಪತ್ರ ಸಿಕ್ಕಂತಾಯಿತು, ಅಷ್ಟೇ. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಮಾಡುವ ಕರಡು ಸೋರಿಕೆಯಾಗಿ ಎಲ್ಲರೂ ತಿರುಗಿಬಿದ್ದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತು.