ಮನೆ ಕೆರೆದರೆ ಸಿಗೋದು ಬರೀ ಸುಣ್ಣ ಅಲ್ಲ

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋದವನು ಹಗಲೆಲ್ಲ ಲ್ಯಾಪ್‌ಟಾಪ್ ಕುಟ್ಟಿ, ಶನಿವಾರ ಭಾನುವಾರ ತಾತನ ಮನೆ ರಿಪೇರಿಗೆ ಇಳಿಯುತ್ತಿದ್ದೆ. ಮೇಸ್ತ್ರಿ ಸಿಗುತ್ತಿರಲಿಲ್ಲ, ಯೂಟ್ಯೂಬ್ ಇತ್ತು. ಜಗುಲಿ ಗೋಡೆ ಕೆರೆದರೆ ಮೇಲೆ ಡಿಸ್ಟೆಂಪರ್, ಅದರಡಿ ನೀಲಿ ಹಾಕಿದ ಸುಣ್ಣ, ಅದರಡಿ ಬರೀ ಸುಣ್ಣ, ಕೊನೆಗೆ ಮಣ್ಣು. ಗಿಟ್ ಹಿಸ್ಟರಿ ನೋಡಿದ ಹಾಗಿತ್ತು. ಕಮಿಟ್ ಮೆಸೇಜ್ ಮಾತ್ರ ಯಾರೂ ಬರೆದಿರಲಿಲ್ಲ.

ಇದಾಗಿ ಆರು ತಿಂಗಳಿಗೆ ಬಿಬಿಸಿಯ ‘ಎ ಹೌಸ್ ಥ್ರೂ ಟೈಮ್’ನ ಮೂರನೇ ಸರಣಿ ನೋಡಿದೆ. ಇತಿಹಾಸಕಾರ ಡೇವಿಡ್ ಒಲುಸೋಗ ಒಂದೇ ಒಂದು ಮನೆ ಹಿಡಿದುಕೊಂಡು, ಅಲ್ಲಿ ಬಾಳಿ ಹೋದವರನ್ನೆಲ್ಲ ಹುಡುಕುತ್ತಾ ಹೋಗುತ್ತಾರೆ. ಮೊದಲ ಸರಣಿ 2018ರಲ್ಲಿ ಬಂತು, ಅದು ಲಿವರ್‌ಪೂಲ್‌ನ ಮನೆ. ಈ ಸಲ ಬ್ರಿಸ್ಟಲ್‌ನ ಗಿನಿ ಸ್ಟ್ರೀಟ್‌ನ 10ನೇ ನಂಬರ್. ನಾಲ್ಕು ಕಂತು.

ಹಳೇ ಮನೆ ಅಂದ ತಕ್ಷಣ ನಮ್ಮ ರೀಲ್ಸ್‌ಗಳಲ್ಲಿ ಕಂಬ, ತೊಟ್ಟಿ, ಹಿಂದೊಂದು ಕೊಳಲು. ಇಲ್ಲಿ ಆ ತರಹದ ಮೋಹ ಇಲ್ಲ. 1718ರ ಸುಮಾರಿಗೆ ಈ ಮನೆ ಕಟ್ಟಿಸಿದ ಎಡ್ಮಂಡ್ ಸಾಂಡರ್ಸ್ ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನ ಕ್ಯಾಪ್ಟನ್. ಬೀದಿಯ ಹೆಸರಿನಲ್ಲೇ ಆಫ್ರಿಕಾದ ಕರಾವಳಿ ಇದೆ. ಒಲುಸೋಗ ಇದನ್ನು ಕಿರುಚದೆ, ಮುಚ್ಚದೆ, ಲೆಕ್ಕಪತ್ರ ಓದುವವರ ಹಾಗೆ ಹೇಳುತ್ತಾರೆ. ಸರಣಿ ಪ್ರಸಾರ ಆಗುತ್ತಿದ್ದಾಗಲೇ, 2020ರ ಜೂನ್ 7ರಂದು, ಅದೇ ಊರಿನ ಜನ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆ ಉರುಳಿಸಿ ಬಂದರಿನ ನೀರಿಗೆ ಎಸೆದರು. ಒಂದು ಮನೆಯ ಕಥೆ ಇಡೀ ಊರಿನ ಕಥೆಯೂ ಹೌದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೊರತೆ ಇಲ್ವಾ? ಇದೆ. ಖಾಲಿ ಕೋಣೆಯಲ್ಲಿ ನಿಂತು ‘ಅವರಿಗೆ ಹೇಗನ್ನಿಸಿರಬಹುದು’ ಅಂತ ಕೇಳೋದು ನಾಲ್ಕನೇ ಸಲಕ್ಕೆ ಬೇಜಾರು ತರಿಸುತ್ತೆ. ಅದಕ್ಕಿಂತ ದೊಡ್ಡದು, ಕಾಗದದ ಮೇಲಿನ ಅತಿ ನಂಬಿಕೆ. ಕಾಗದಕ್ಕೆ ಕೊಟ್ಟಷ್ಟು ಹೊತ್ತನ್ನು ಗೋಡೆಗೆ ಕೊಟ್ಟಿಲ್ಲ. ಆ ಮನೆಯಿಂದ ತಪ್ಪಿಸಿಕೊಂಡ ಥಾಮಸ್ ಅನ್ನೋ ಗುಲಾಮ ಹುಡುಗ ನಮಗೆ ಸಿಗೋದು, ಅವನನ್ನು ಹಿಡಿದುಕೊಡಿ ಅನ್ನುವ ಪತ್ರಿಕೆಯ ಪ್ರಕಟಣೆಯಿಂದ. ಓಡಿಹೋದ್ದಕ್ಕೆ ಕಾಗದಕ್ಕೆ ಬಂದ. ಓಡದೆ ಅಲ್ಲೇ ದುಡಿದವರು ಎಲ್ಲಿದ್ದಾರೆ? ಈ ಪ್ರಶ್ನೆಯನ್ನು ಸರಣಿ ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ಕೇಳೋಕೆ ನನಗೇನು ಹಕ್ಕು ಅಂತೀರಾ? ಹೇಳ್ತೀನಿ. ನಮ್ಮ ಮನೆಯ ಕಾಗದ ಅಂದರೆ ಪಹಣಿ, ಒಂದು ಕ್ರಯಪತ್ರ. ಎರಡರಲ್ಲೂ ಮುತ್ತಾತ, ತಾತನ ಹೆಸರು ಬಿಟ್ಟರೆ ಬೇರೆ ಏನಿಲ್ಲ. ಆದರೆ ಜಗುಲಿಯ ಹೊರಗೋಡೆಯ ತುದಿಯಲ್ಲಿ, ಸೂರಿನ ಕೆಳಗೆ, ಕೆರೆಯುವಾಗ ಒಂದು ಸಣ್ಣ ಗೂಡು ತೆರೆದುಕೊಂಡಿತು. ಒಳಗೆ ನೆಗ್ಗಿದ ಅಲ್ಯೂಮಿನಿಯಂ ಲೋಟ. ದೀಪದ ಗೂಡು ಇರಬೇಕು ಅಂದುಕೊಂಡೆ. ಮಸಿ ಇರಲಿಲ್ಲ.

ಅವ್ವ ನೋಡಿದವಳೇ ಅಂದಳು: “ಆಳುಗಳ ಲೋಟ ಕಣ ಮಗ ಅದು. ಅವರೇ ತಕ್ಕೊಂಡು, ಕುಡಿದು, ತೊಳೆದು ಅಲ್ಲೇ ಇಡೋರು. ಈಗ್ಯಾಕೆ ಅದೆಲ್ಲ, ಮುಚ್ಚಾಕು.”

ಮುಚ್ಚಿದೆ. ಎರಡು ಇಟ್ಟಿಗೆ, ಒಂದು ಬಾಂಡ್ಲಿ ಸಿಮೆಂಟ್, ಮೇಲೆ ಪುಟ್ಟಿ, ಆಫ್‌ವೈಟ್ ಎಮಲ್ಷನ್. ಆಫೀಸ್ ಗ್ರೂಪಿಗೆ ಹಾಕಿದ ಬಿಫೋರ್-ಆಫ್ಟರ್ ಫೋಟೋಗೆ ಎಲ್ಲರೂ ಹಾರ್ಟ್ ಒತ್ತಿದರು.

ಥಾಮಸ್‌ನ ಕಂತು ಮುಗಿದ ರಾತ್ರಿ ಆ ಗೋಡೆ ನೆನಪಾಯ್ತು. ಯಾರೋ ಇಂಗ್ಲಿಷರು ತಮ್ಮ ಮನೆಯ ಕೊಳೆಯನ್ನು ಟೀವಿಯಲ್ಲಿ ತೋರಿಸೋಕೆ ಬಿಟ್ಟಿದ್ದಾರೆ. ನಾನು ಕೈಯಾರೆ ಮೆತ್ತಿ ಬಂದಿದ್ದೆ. ಸರಣಿ ನೋಡಿ ಅಂತ ನಿಮಗೆ ಹೇಳ್ತಿರೋದು ಈ ಕಾರಣಕ್ಕೆ. ನಿಧಾನ ಇದೆ, ಆದರೂ ನೋಡಿ.

ಮಾರನೇ ದಿನ ಫೋನ್ ಮಾಡಿ, “ಆ ಲೋಟದಲ್ಲಿ ಕುಡಿಯುತ್ತಿದ್ದವರ ಹೆಸರು ಜ್ಞಾಪಕ ಇದ್ಯಾ?” ಅಂತ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ಹೆಸರು ಹೇಳಿದಳು. ಬರೆದಿಟ್ಟುಕೊಂಡಿದ್ದೀನಿ. ಮೂರನೆಯವರ ಮಗ ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತು ಓದಿದವನು. ಅವನು ನಮ್ಮ ಮನೆಗೆ ಬಂದಾಗೆಲ್ಲ ಜಗುಲಿಯಲ್ಲೇ ಯಾಕೆ ಕೂರುತ್ತಿದ್ದ ಅಂತ ಅವತ್ತು ನಾನು ಕೇಳಿರಲಿಲ್ಲ.