ಕೈಬದಲಾದ ವೈಭವ

ಎಗ್ಮೋರಿನಲ್ಲಿ ಬಹುಕಾಲದಿಂದ ವಾಸವಾಗಿರುವ ಮಿತ್ರರೊಬ್ಬರು ಈಚೆಗೆ ನಿವೃತ್ತರಾದರು. ಮೈಸೂರಿಗೆ ಆಗಾಗ ಹೋಗಿಬರಲು ದೊಡ್ಡದೊಂದು ಕಾರು ಬೇಕೆನಿಸಿತು. ಹೊಸದರ ಬೆಲೆ ಕೇಳಿ ಸುಮ್ಮನಾದರು. ಹತ್ತು ವರ್ಷ ಹಳೆಯದನ್ನು ನೋಡಿ ಬಂದು ಅದರ ಗುಣಗಾನಕ್ಕೆ ತೊಡಗಿದರು. ಚರ್ಮದ ಆಸನಗಳು, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾವಣಿ, ಹಿಂದೆ ಕೂತವರಿಗೂ ತಣ್ಣನೆಯ ಗಾಳಿ! "30 ಲಕ್ಷದ ಕಾರು ಸ್ವಾಮಿ, 8 ಲಕ್ಷಕ್ಕೆ ಕೊಡುತ್ತಾರಂತೆ" ಎಂದರು. ಸರ್ವೀಸ್ ಪುಸ್ತಕ ನೋಡಿದಿರಾ ಎಂದು ಕೇಳಿದೆ. "ಅದೊಂದು ಮರೆತೆ" ಎಂದರು.

ಈ ಮರೆವು ಅವರೊಬ್ಬರದಲ್ಲ. ಹಳೆಯ ದೊಡ್ಡ ಕಾರನ್ನು ಕೊಳ್ಳುವಾಗ ನಾವು ಬಹುಮಂದಿ ಅದರ ಅಲಂಕಾರವನ್ನು ಬೆಲೆಗಟ್ಟುತ್ತೇವೆ, ಕಾರನ್ನಲ್ಲ. ಅಲಂಕಾರವೇ ಕಾವ್ಯವಲ್ಲವೆಂದು ನಮ್ಮ ಲಾಕ್ಷಣಿಕರು ಎಂದೋ ಹೇಳಿದರು; ಕಾರಿನ ವಿಷಯದಲ್ಲಿ ಅದನ್ನು ಒಪ್ಪಿಕೊಳ್ಳಲು ನಮಗೇಕೋ ಮನಸ್ಸಿಲ್ಲ.

ಮದರಾಸಿನವರಾದ ನಮಗಂತೂ ಇದು ತಿಳಿಯದ ಪಾಠವಲ್ಲ. ನಗರದ ದಕ್ಷಿಣದ ಅಂಚಿನಲ್ಲಿದ್ದ ಸ್ಟ್ಯಾಂಡರ್ಡ್ ಮೋಟಾರ್ ಕಾರ್ಖಾನೆ 1985ರಲ್ಲಿ 'ಸ್ಟ್ಯಾಂಡರ್ಡ್ 2000' ಎಂಬ ವೈಭವದ ಕಾರನ್ನು ಹೊರತಂದಿತು. ಮೈಕಟ್ಟು ಇಂಗ್ಲೆಂಡಿನ ರೋವರ್ ಎಸ್‌ಡಿ1 ಕಾರಿನದು. ಆ ರೋವರ್ 1977ರಲ್ಲಿ ಯೂರೋಪಿನ ವರ್ಷದ ಕಾರೆಂಬ ಪ್ರಶಸ್ತಿ ಪಡೆದಿತ್ತು. ನೋಡಿದವರು ಬೆರಗಾದರು. ಆದರೆ ಒಳಗೆ ಕೂರಿಸಿದ್ದು ಹಳೆಯ ವ್ಯಾನ್‌ಗಾರ್ಡ್ ವಂಶದ 1991 ಸಿ.ಸಿ. ಎಂಜಿನ್. ಆ ಭಾರದ ಮೈಗೆ ಈ ಮುದಿ ಹೃದಯ ಸಾಲಲಿಲ್ಲ. ಪೆಟ್ರೋಲನ್ನು ಮಾತ್ರ ಧಾರಾಳವಾಗಿ ಕುಡಿಯಿತು. 1988ರ ಹೊತ್ತಿಗೆ ಕಾರಿನ ಕಥೆ ಮುಗಿಯಿತು.

ಅದರ ಸಮಕಾಲೀನ ಕಾಂಟೆಸ್ಸಾದ ಜಾತಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೂ ಇಂಗ್ಲೆಂಡಿನ ವಾಕ್ಸ್‌ಹಾಲ್‌ನಿಂದ ಬಂದ ಮೈಯೇ. ಮೊದಲು ಅದಕ್ಕೂ ಅಂಬಾಸಡರ್‌ನ 1489 ಸಿ.ಸಿ. ಎಂಜಿನ್ನೇ ಗತಿ. ಆದರೆ ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಜು ಎಂಜಿನ್ ಹಾಕಿದರು. ಕಾಂಟೆಸ್ಸಾ 2002ರವರೆಗೆ ಬಾಳಿತು. ಎರಡು ಕಾರುಗಳ ಹಣೆಬರಹದಲ್ಲಿ ಇಷ್ಟು ಅಂತರ ತಂದದ್ದು ಸೀಟಿನ ಬಟ್ಟೆಯಲ್ಲ.

ಇಂದಿನ ಕ್ಯಾಮ್ರಿ, ಅಕಾರ್ಡ್, ಸೂಪರ್ಬ್‌ಗಳ ಎಂಜಿನ್ ಆ ಕಾಲದ್ದಕ್ಕಿಂತ ಎಷ್ಟೋ ಮೇಲು, ನಿಜ. ಆದರೆ ಹತ್ತು ವರ್ಷ ಕಳೆದ ಮೇಲೆ ಬೇರೊಂದು ಲೆಕ್ಕ ಎದುರಾಗುತ್ತದೆ. ಬೆಲೆ ಇಳಿದಿರುವುದು ಕಾರಿಗೇ ಹೊರತು ಅದರ ಬಿಡಿಭಾಗಗಳಿಗಲ್ಲ. ಟೈರು, ಬ್ರೇಕು, ದೀಪಗಳೆಲ್ಲ 30 ಲಕ್ಷದ ಕಾರಿನ ಅಂತಸ್ತಿನಲ್ಲೇ ಉಳಿದಿರುತ್ತವೆ. ಆನೆ ಅಗ್ಗವಾಗಿ ಸಿಕ್ಕಿತೆಂದು ಮೇವೇನೂ ಅಗ್ಗವಾಗುವುದಿಲ್ಲ.

ಎಗ್ಮೋರಿಗೆ ಹೊಂದಿಕೊಂಡೇ ಪುದುಪೇಟೆ ಇದೆಯಲ್ಲ ಎನ್ನಬಹುದು. ಹಳೆಯ ಕಾರುಗಳನ್ನು ಬಿಚ್ಚಿ ಮಾರುವ ಆ ಬೀದಿಗಳಲ್ಲಿ ಬಾಗಿಲಿನಿಂದ ಹಿಡಿದು ಗೇರ್‌ಬಾಕ್ಸಿನವರೆಗೆ ಎಲ್ಲ ಉಂಟು. ಆದರೆ ಅಲ್ಲಿ ರಾಶಿ ಬಿದ್ದಿರುವುದು ರಸ್ತೆಯಲ್ಲಿ ರಾಶಿಯಾಗಿ ಓಡುವ ಕಾರುಗಳ ಭಾಗ. ಅಪರೂಪದ ಕಾರಿಗೆ ಅಲ್ಲಿಯೂ ಅಪರೂಪವೇ. ಆದ್ದರಿಂದ ಕಾರನ್ನು ನೋಡುವ ಮೊದಲೇ ಅದರ ಭಾಗಗಳ ಬೆಲೆಯನ್ನು ವಿಚಾರಿಸಿಬಿಡುವುದು ಜಾಣತನ. ಏರ್‌ಬ್ಯಾಗಿನಂಥ ಪ್ರಾಣರಕ್ಷಕ ಭಾಗವನ್ನು ಮಾತ್ರ ಹಳೆಯದನ್ನು ಕೊಳ್ಳಲೇಬಾರದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಆರಬೇಕು. ಹೊತ್ತಿಕೊಳ್ಳದೆಯೇ ಇದ್ದರೆ ದೋಷ ಕಾಣದಿರಲೆಂದು ಅದನ್ನು ಕಿತ್ತಿಟ್ಟಿರುವ ಸಂಭವವುಂಟು.

ವೈಭವದ ಸಾಧನಗಳೇ ಮೊದಲು ಮುಪ್ಪಾಗುತ್ತವೆ ಎಂಬುದನ್ನೂ ಮರೆಯಬಾರದು. ನಮ್ಮೂರಿನ ಬಿಸಿಲಿಗೆ ಚರ್ಮ ಬಿರಿಯುತ್ತದೆ. ತೆರೆಯುವ ಚಾವಣಿಯ ನೀರು ಹರಿಯುವ ಕೊಳವೆಗೆ ಎಲೆ, ಧೂಳು ಕಟ್ಟಿಕೊಂಡರೆ ಮಳೆ ಒಳಗೇ ಸುರಿಯುತ್ತದೆ. ಮಳೆಯ ಮಾತು ಬಂದಾಗ 2015ರ ಡಿಸೆಂಬರಿನ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ನೆನಪಾಗದೆ ಇರವು. ಅಂದು ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋದವೆಂದು ನಂಬುವುದು ಮುಗ್ಧತೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಬೇಕು. ನೆಲಹಾಸು ಎತ್ತಿ ಮೂಸಬೇಕು. ಆಸನದ ಕಂಬಿಗಳ ತುಕ್ಕನ್ನೂ ವಿಮೆಯ ಹಳೆಯ ಕ್ಲೇಮುಗಳನ್ನೂ ಪರೀಕ್ಷಿಸಬೇಕು. ದೊಡ್ಡ ಕಾರಿನಲ್ಲಿ ತಂತಿ, ವಿದ್ಯುತ್ ಪೆಟ್ಟಿಗೆಗಳು ಹೆಚ್ಚು. ನೀರು ಕುಡಿದರೆ ಹಾನಿಯೂ ಹೆಚ್ಚು.

ನಿವೃತ್ತಿಯಾದ ಮೇಲೆ ಊರಿಗೆ ಮರಳುವ ನಮ್ಮಂಥ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಹೊರ ರಾಜ್ಯದ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಲೇಬೇಕು. ನಿರಾಕ್ಷೇಪಣಾ ಪತ್ರ, ಜೀವಿತಾವಧಿ ತೆರಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 15 ವರ್ಷಕ್ಕೆ ನೋಂದಣಿಯ ಅವಧಿಯೂ ಮುಗಿದು ನವೀಕರಣದ ಕೆಲಸ ಬರುತ್ತದೆ. 8 ಲಕ್ಷವೆಂಬುದು ಮೊದಲ ಕಂತು ಮಾತ್ರ.

ಹಾಗಾದರೆ ಕೊಳ್ಳಲೇಬಾರದೇ? ಹಾಗಲ್ಲ. ದೊಡ್ಡ ಕಾರಿನ ನಿಜವಾದ ಸುಖ ಗುಂಡಿಗಳಲ್ಲಿಲ್ಲ. ಉದ್ದನೆಯ ಮೈ, ನಿಶ್ಶಬ್ದ, ಹೊಂಡವನ್ನು ನುಂಗಿಕೊಳ್ಳುವ ಸಸ್ಪೆನ್ಷನ್, ಕಾಲು ಚಾಚಲು ಜಾಗ, ಇವುಗಳಲ್ಲಿದೆ. ಇವು ಕಾರನ್ನು ಸರಿಯಾಗಿ ಸಾಕಿದವನ ಕೈಯಲ್ಲಿ ಬಹುಕಾಲ ಉಳಿಯುತ್ತವೆ. ಒಂದೇ ಒಡೆಯ, ತುಂಬಿದ ಸರ್ವೀಸ್ ಪುಸ್ತಕ, ಕಡಿಮೆ ಗುಂಡಿಗಳು ಎಂಬುದು ನನ್ನ ಸೂತ್ರ. ಎಲ್ಲ ಸೌಕರ್ಯಗಳಿದ್ದೂ ಚರಿತ್ರೆಯಿಲ್ಲದ ಕಾರಿಗಿಂತ, ಸೌಕರ್ಯ ಎರಡು ಕಡಿಮೆಯಿದ್ದು ಚರಿತ್ರೆಯುಳ್ಳ ಕಾರು ಲೇಸು. ಕೊಳ್ಳುವ ಬೆಲೆಯ ಐದನೆಯ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಬೇಕು. ಅದು ಆಗದೆಂದರೆ ಆ ಕಾರು ನಮ್ಮದಲ್ಲ.

ಮಿತ್ರರು ಮರುದಿನ ಸರ್ವೀಸ್ ಪುಸ್ತಕ ಕೇಳಿದರಂತೆ. ಮಾರುವಾತ ಮತ್ತೊಮ್ಮೆ ಚಾವಣಿಯನ್ನು ತೆರೆದು ತೋರಿಸಿದನಂತೆ. ಮಿತ್ರರು ನಮಸ್ಕಾರ ಹೇಳಿ ಎದ್ದುಬಂದರು. ಜೀವಮಾನದ ಗಳಿಕೆ ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ. ಮೈಸೂರಿಗೆ ಸದ್ಯಕ್ಕೆ ರೈಲೇ ಇದೆ.