ಯಂತ್ರದ ಹಿಂದೆ ನಿಂತವನು

ಚಿತ್ರಕಾರರು ತಮ್ಮ ಓರಗೆಯ ಚಿತ್ರಕಾರರನ್ನು ಬರೆದದ್ದುಂಟು. ಆದರೆ ತಮ್ಮ ಚಿತ್ರಕ್ಕೆ ಅಚ್ಚು ತೆಗೆದುಕೊಡುವ ಕೆಲಸಗಾರನನ್ನು, ಅದೂ ಅವನು ದುಡಿಯುತ್ತಿರುವಾಗಲೇ ಬರೆದವರು ಕಡಿಮೆ. ತುಲೂಸ್ ಲೊತ್ರೆಕ್ 1893ರಲ್ಲಿ ಮಾಡಿದ ಬಣ್ಣದ ಕಲ್ಲಚ್ಚಿನ ಚಿತ್ರವೊಂದು ಈ ಕಾರಣಕ್ಕೇ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ.

ಆ ವರ್ಷ ಪ್ಯಾರಿಸ್ಸಿನ ಪ್ರಕಾಶಕ ಆಂದ್ರೆ ಮಾರ್ತಿ 'ಲೆಸ್ತಾಂಪ್ ಒರಿಜಿನಾಲ್' ಎಂಬ ಚಿತ್ರಸಂಪುಟ ಮಾಲೆಯನ್ನು ಆರಂಭಿಸಿದ್ದ. ಅಚ್ಚಾದ ಚಿತ್ರವೆಂದರೆ ಇನ್ನೊಂದರ ನಕಲಲ್ಲ, ಅದೂ ಸ್ವತಂತ್ರ ಕಲಾಕೃತಿಯೇ ಎಂದು ಸಾರುವುದು ಅದರ ಉದ್ದೇಶ. ಮೊದಲ ಸಂಪುಟದ ಹೊದಿಕೆಗೆ ಲೊತ್ರೆಕ್ ಬರೆದದ್ದು ಆಂಕೂರ್ ಮುದ್ರಣಾಲಯದ ಒಳಗನ್ನು. ಮುಂದೆ, ಆಗ ಪ್ಯಾರಿಸ್ಸಿಗೆಲ್ಲ ಪರಿಚಿತಳಾಗಿದ್ದ ನರ್ತಕಿ ಜೇನ್ ಆವ್ರಿಲ್ ಹೊಸದಾಗಿ ತೆಗೆದ ಹಾಳೆಯೊಂದನ್ನು ಹಿಡಿದು ನೋಡುತ್ತಿದ್ದಾಳೆ. ಹಿಂದೆ, ತಲೆಗೆ ಟೋಪಿ ಇಟ್ಟ ಮುದುಕನೊಬ್ಬ ಯಂತ್ರದ ಬಳಿ ಕೆಲಸದಲ್ಲಿ ಮುಳುಗಿದ್ದಾನೆ. ಅವನೇ ಕೊಟೆಲ್. ಎಲ್ಲರೂ ಅವನನ್ನು ಕರೆಯುತ್ತಿದ್ದುದು 'ಪೇರ್ ಕೊಟೆಲ್' ಎಂದು. ನಾವಾದರೆ ಕೊಟೆಲಜ್ಜ ಎನ್ನುತ್ತಿದ್ದೆವೇನೋ.

ಕಲ್ಲಚ್ಚಿನ ಕೆಲಸ ತಿಳಿದವರಿಗೆ ಈ ಅಜ್ಜನ ಬೆಲೆ ಗೊತ್ತಾಗುತ್ತದೆ. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಹಾಯಿಸಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಹೇಳುವುದು ಸುಲಭ. ನೀರು ತುಸು ಹೆಚ್ಚಾದರೆ ಗೆರೆ ಮಸುಕು, ಕಡಿಮೆಯಾದರೆ ಕಲ್ಲೆಲ್ಲ ಕಪ್ಪು. ಬಣ್ಣಕ್ಕೊಂದು ಕಲ್ಲು, ಪ್ರತಿ ಸಲವೂ ಹಾಳೆ ಅದೇ ಜಾಗಕ್ಕೆ ಕೂರಬೇಕು. ಲೊತ್ರೆಕ್ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಮೇಲೆ ಎರಚುತ್ತಿದ್ದ ಸಣ್ಣ ಹನಿಗಳು ಕಾಗದದ ಮೇಲೆ ಹನಿಗಳಾಗಿಯೇ ಉಳಿಯಬೇಕಾದರೆ ಒತ್ತುವ ಕೈ ಪಳಗಿರಬೇಕು.

ಈ ಕಲ್ಲು ನಮಗೂ ಅಪರಿಚಿತವಲ್ಲ. ನಮ್ಮ ಹಿರಿಯರ ಮನೆಗಳಲ್ಲಿದ್ದ ಹಳೆಯ ಉರ್ದು ಕಿತಾಬುಗಳು, 1858ರಲ್ಲಿ ಲಖನೌದಲ್ಲಿ ಆರಂಭವಾದ ನವಲ್ ಕಿಶೋರ್ ಪ್ರೆಸ್ಸಿನ ಕುರ್‌ಆನ್ ಪ್ರತಿಗಳು ಕಲ್ಲಚ್ಚಿನವೇ. ಮೊಳೆಯಚ್ಚಿಗೆ ಒಗ್ಗದ ನಸ್ತಾಲೀಖ್ ಬರಹವನ್ನು ಕಾತಿಬನ ಕೈಯಿಂದ ಹಾಗೆಯೇ ಓದುಗನಿಗೆ ತಲುಪಿಸಿದ್ದು ಈ ಕಲ್ಲು. ಅಂಥ ಪುಸ್ತಕಗಳ ಕೊನೆಯಲ್ಲಿ ಕಾತಿಬನ ಹೆಸರಾದರೂ ಕೆಲವೊಮ್ಮೆ ಸಿಗುತ್ತದೆ. ಕಲ್ಲಿಗೆ ನೀರು ಹಚ್ಚಿದವನ ಹೆಸರನ್ನು ಹುಡುಕಿ ನೋಡಿ.

ಹಾಗೆಂದು ಲೊತ್ರೆಕ್‌ನನ್ನು ಕಾರ್ಮಿಕರ ಕವಿಯೆಂದು ಹೊಗಳಲು ನಾವು ಸಿದ್ಧರಿಲ್ಲ. ಮೊದಲು ಕಣ್ಣಿಗೆ ಬೀಳುವವಳು ಆವ್ರಿಲ್ಲೇ. ಕೊಳ್ಳುವ ಶ್ರೀಮಂತ ರಸಿಕನ ಜಾಗದಲ್ಲಿ ಅವಳು ನಿಂತಿದ್ದಾಳೆ. ಸಾವಿರಾರು ಪ್ರತಿ ಕೊಡಬಲ್ಲ ಕಲ್ಲಿನಿಂದ ಈ ಸಂಪುಟಕ್ಕೆ ತೆಗೆದದ್ದು ಬರೀ 100 ಪ್ರತಿ. ಬೀದಿಗೋಡೆಗೆ ಭಿತ್ತಿಪತ್ರ ಬರೆದು ಹೆಸರಾದವನು ಇಲ್ಲಿ ಕೊರತೆಯ ವ್ಯಾಪಾರಕ್ಕೆ ಕೈಜೋಡಿಸಿದ್ದಾನೆ. ಆದರೂ 'ಮೂಲ ಕೃತಿ' ಎಂದು ಘೋಷಿಸುವ ಸಂಪುಟದ ಬಾಗಿಲಲ್ಲೇ, ಚಿತ್ರಕಾರ ತನ್ನನ್ನು ಬರೆದುಕೊಳ್ಳದೆ ಅಚ್ಚು ತೆಗೆಯುವವನನ್ನು ತಂದು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಅವನನ್ನು ಕರುಣೆಗೆ ಪಾತ್ರನಾಗಿಯೂ ಬರೆದಿಲ್ಲ, ವೀರನಾಗಿಯೂ ಬರೆದಿಲ್ಲ. ಆವ್ರಿಲ್ ಹಾಳೆ ನೋಡುತ್ತಿದ್ದಾಳೆ, ಅವನಿಗೆ ತನ್ನ ಯಂತ್ರದ ಮೇಲೆ ಗಮನ.

ಅಂದಹಾಗೆ, ಈ ಹೊದಿಕೆ ಅಚ್ಚಾದದ್ದೂ ಅದೇ ಆಂಕೂರ್ ಮುದ್ರಣಾಲಯದಲ್ಲಿ.